ಶುಕ್ರವಾರದ ನರಗಂಟುಗಳು

ಹಳದಿ. ಮತ್ತೆ ಹಳದಿ.

ಶಾರೊಲ್ತಾ ಸೂಕ್ಷ್ಮದರ್ಶಕದಿಂದ ಮುಖವೆತ್ತಿ, ಕನ್ನಡಕ ಒರೆಸಿಕೊಂಡು ಮತ್ತೆ ಕಣ್ಣಿಟ್ಟಳು. ಬೆಳಗಿನಿಂದ ಕನ್ನಡಕ ಒರೆಸುತ್ತಿರುವುದು ಇದು ಐದನೆಯ ಸಲ. ಒರೆಸಿ ಒರೆಸಿ ಗಾಜು ಸವೆದೀತೇ ಹೊರತು ಹಳದಿ ಕೆಂಪಾಗುವ ಲಕ್ಷಣವಿರಲಿಲ್ಲ.

ಅವಳಿಗೆ ಬೇಕಾಗಿದ್ದುದು ಕೆಂಪು. ಎಂಟು ವರ್ಷದಿಂದ ಕೆಂಪನ್ನೇ ನಂಬಿಕೊಂಡು ಕೂತಿದ್ದಳು. ವಿಷಯ ಹೇಳಲಿಕ್ಕೆ ಸುಲಭ, ಮಾಡಲಿಕ್ಕೆ ಜೀವ ಹಿಂಡುವಂಥದು. ಜಿರಲೆಯ ಹೊಟ್ಟೆಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ನರಗಂಟು ಇರುತ್ತದೆ. ಅದರೊಳಗೆ ಎರಡು ಜಾತಿಯ ಕೋಶಗಳು. ಸುದ್ದಿ ಒಯ್ಯುವ ನ್ಯೂರಾನ್‌ಗಳು ಒಂದು ಜಾತಿ. ಅವನ್ನು ಸುತ್ತುವರಿದು, ಉಣಿಸಿ, ಅವುಗಳ ಕಸ ಬಳಿಯುವ ಗ್ಲಿಯಾ ಕೋಶಗಳು ಇನ್ನೊಂದು. ಕೀಟದ ಗಂಟಿನಲ್ಲಿ ಎಳೆಯ ಕೋಶಗಳನ್ನು ನೋಡಿ ಇದು ಇಂಥದ್ದು ಎಂದು ಹೇಳುವುದು ಆಗದ ಮಾತು. ಎಲ್ಲವೂ ಒಂದೇ ಥರದ ಚುಕ್ಕೆಗಳು. ಅದಕ್ಕೇ ಬಣ್ಣ ಹಾಕುತ್ತಾರೆ. ಗಂಟಿಗೆ ಬೇಕೆಂದೇ ಗಾಯ ಮಾಡಿದ ಮೇಲೆ ಹೊಸದಾಗಿ ಹುಟ್ಟಿದ ಕೋಶಕ್ಕೆ ಕೆಂಪು. ಗ್ಲಿಯಾಕ್ಕೆ ಮಾತ್ರ ಅಂಟುವ ಇನ್ನೊಂದು ಬಣ್ಣ ಹಸಿರು. ಎರಡೂ ಒಂದರ ಮೇಲೊಂದು ಬಿದ್ದರೆ ಹಳದಿಯಾಗಿ ಕಾಣುತ್ತದೆ. ಹಳದಿ ಕಂಡರೆ, ಹುಟ್ಟಿದ್ದು ಗ್ಲಿಯಾ. ಗಾಯವಾದ ಕಡೆ ಗ್ಲಿಯಾ ಹುಟ್ಟುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದಕ್ಕೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಬರೀ ಕೆಂಪು ಕಂಡರೆ ಅದು ಗ್ಲಿಯಾ ಅಲ್ಲ. ಗ್ಲಿಯಾ ಅಲ್ಲವೆಂದ ಮೇಲೆ ನ್ಯೂರಾನ್. ಬೆಳೆದು ಮುದಿಯಾದ ಜಿರಲೆಯಲ್ಲಿ ಹೊಸ ನ್ಯೂರಾನ್, ಯಾರೂ ಕಂಡಿರದ ಸಂಗತಿ!

ಆ ‘ಅಲ್ಲವೆಂದ ಮೇಲೆ’ ಎಂಬ ಎರಡು ಪದಗಳ ಮೇಲೆ ಶಾರೊಲ್ತಾಳ ಎಂಟು ವರ್ಷ ನಿಂತಿತ್ತು. ಎರಡು ವರ್ಷದ ಹಿಂದೆ ಅವಳ ಮತ್ತು ಸಂಸ್ಥೆಯ ಮುಖ್ಯಸ್ಥ ಬಾರ್ಕೋತ್ಸಿ ವೆಂಡೆಲನ ಹೆಸರಿನಲ್ಲಿ ಸಂಶೋಧನಾ ಪೇಪರ್ ಅಚ್ಚಾಯಿತು. ಬುಡಾಪೆಸ್ಟ್‌ನಿಂದ ದೂರದ ಸೊಲ್ನೊಕ್‌ನಂಥ ಊರಿನಲ್ಲಿ, ತಿಸಾ ನದಿ ಉಕ್ಕಿದಾಗಲೆಲ್ಲ ನೆಲಮಾಳಿಗೆಗೆ ನೀರು ನುಗ್ಗಿಸಿಕೊಂಡು ಕೂತಿರುವ ಆ ಪುಟ್ಟ ಸಂಸ್ಥೆಯ ಹೆಸರು ವಿಯೆನ್ನಾದಲ್ಲೂ ಲಿಸ್ಬನ್‌ನಲ್ಲೂ ಕೇಳಿಬಂತು. ಇಂದು ಮುಚ್ಚುತ್ತೇವೆ, ನಾಳೆ ಮುಚ್ಚುತ್ತೇವೆ ಎನ್ನುತ್ತಿದ್ದ ಸರಕಾರ ಸುಮ್ಮನಾಯಿತು. ಈಗ ಎರಡನೆಯ ಪೇಪರ್ ಪ್ರಕಟಣೆಗೆ ಹೋಗಿತ್ತು. ಅದನ್ನು ಪರಿಶೀಲಿಸಿದ ಯಾವನೋ ಹೆಸರಿಲ್ಲದ ಪುಣ್ಯಾತ್ಮ ಎರಡೇ ಸಾಲು ಬರೆದು ಕಳಿಸಿದ್ದ: ‘ಹಸಿರು ಕಾಣದಿರುವುದೇ ಬೇರೆ, ಹಸಿರು ಇಲ್ಲದಿರುವುದೇ ಬೇರೆ. ಇವು ಗ್ಲಿಯಾ ಅಲ್ಲವೆಂದು ನಿಮಗೆ ಹೇಗೆ ಗೊತ್ತು?’

ಅವನ ಬಾಯಿ ಮುಚ್ಚಿಸಬೇಕೆಂದೇ ಅವಳು ಇನ್ನೊಂದು ಸರದಿ ಜಿರಲೆಗಳನ್ನು ಕೊಯ್ಯಲು ಕೂತದ್ದು. ಕೊಯ್ಯುವ ಕೆಲಸ ಯಾವಾಗಲೂ ತಾಂತ್ರಿಕ ಸಹಾಯಕಿ ಗಿಜಿ ನೇನಿಯದು. ನೇನಿ ಎಂದರೆ ಅತ್ತೆ, ದೊಡ್ಡಮ್ಮ, ವಯಸ್ಸಾದ ಯಾವ ಹೆಂಗಸಾದರೂ ಸರಿ. ಆದರೆ ನಿವೃತ್ತಿ ಹತ್ತಿರವಾದ್ದರಿಂದ ಉಳಿದ ರಜೆಗಳನ್ನೆಲ್ಲ ಮುಗಿಸಲು ಅವರು ಮನೆಯಲ್ಲಿದ್ದರು. ಹಾಗಾಗಿ ಒಂದು ಮಂಗಳವಾರ ಶಾರೊಲ್ತಾ ತಾನೇ ಕೊಯ್ದಳು. ಪ್ರಯೋಗದ ದಾಖಲೆ ಪುಸ್ತಕದಲ್ಲಿದ್ದಂತೆ ನರಗಂಟುಗಳನ್ನು, ಅವು ಕೊಳೆಯದ ಹಾಗೆ, ಫಾರ್ಮಲಿನ್‌ನಲ್ಲಿ ಸರಿಯಾಗಿ ನಾಲ್ಕು ಗಂಟೆ ಇಟ್ಟು ತೆಗೆದಳು. ಬಣ್ಣ ಹಾಕಿದಳು. ನಲವತ್ತೊಂದು ಹೊಸ ಕೋಶಗಳು ಸಿಕ್ಕವು. ನಲವತ್ತು ಹಳದಿ. ಉಳಿದ ಒಂದು ಕೋಶವೋ ಧೂಳೋ ಅವಳಿಗೆ ಗೊತ್ತಾಗಲಿಲ್ಲ.

ಮೊದಲು ಬಣ್ಣವನ್ನು ಬೈದಳು. ಆಮೇಲೆ ಸೂಕ್ಷ್ಮದರ್ಶಕದ ದೀಪವನ್ನು. ಬೈಯಲು ಇನ್ನೇನೂ ಉಳಿಯದಿದ್ದಾಗ ಫ್ರಿಜ್ಜಿನಲ್ಲಿದ್ದ ಹಳೆಯ ನರಗಂಟುಗಳನ್ನು ತೆಗೆದು ಹೊಸವುಗಳ ಪಕ್ಕ ಇಟ್ಟು ಸೂಜಿಯಿಂದ ಮುಟ್ಟಿದಳು. ಹೊಸವು ಬೆಂದ ಅವರೆಕಾಳಿನ ಹಾಗೆ ಮೆತ್ತಗಿದ್ದವು. ಹಳೆಯವು ಸೂಜಿ ತಾಗಿದರೆ ಕಟ್ ಎಂದವು. ಆ ಸದ್ದು ಕೇಳಿದ್ದೇ ಅವಳ ಕೈ ನಿಂತಿತು. ಫಾರ್ಮಲಿನ್‌ನಲ್ಲಿ ದಿನಗಟ್ಟಲೆ ಬಿದ್ದಿದ್ದು ಮಾತ್ರ ಹಾಗೆ ಗಟ್ಟಿಯಾಗುತ್ತದೆ, ನಾಲ್ಕು ಗಂಟೆಯಲ್ಲಿ ಆಗುವುದಿಲ್ಲ.

ಅನುಮಾನ ಪರಿಹಾರವಾಗಲೆಂದು ಒಂದೇ ದಿನ ಹನ್ನೆರಡು ಜಿರಲೆ ಕೊಯ್ದು, ಆರನ್ನು ನಾಲ್ಕು ಗಂಟೆಗೆ ತೆಗೆದು, ಆರನ್ನು ಶನಿವಾರ ಭಾನುವಾರ ಪೂರ್ತಿ ಫಾರ್ಮಲಿನ್‌ನಲ್ಲೇ ಬಿಟ್ಟಿದ್ದಳು. ಈಗ ಈ ಬುಧವಾರ ಎರಡೂ ಅವಳ ಕಣ್ಣ ಮುಂದಿದ್ದವು. ನಾಲ್ಕು ಗಂಟೆಯವು ಹಳದಿ. ಮೂರು ದಿನದವು ಚೆಂದದ ಕೆಂಪು, ಪೇಪರಿನಲ್ಲಿ ಅಚ್ಚಾದ ಚಿತ್ರದಷ್ಟೇ ಚೆಂದ. ಅವುಗಳ ಹೊರ ಅಂಚಿನಲ್ಲಿ ಮಾತ್ರ ತೆಳ್ಳಗೆ ಹಸಿರು. ಗಟ್ಟಿಯಾದ ಗಂಟಿನ ಒಳಕ್ಕೆ ಸೂಕ್ಷ್ಮ ಕಣಗಳ ಕೆಂಪು ಇಳಿದಿತ್ತು, ದಪ್ಪ ಕಣಗಳ ಹಸಿರು ಇಳಿದೇ ಇರಲಿಲ್ಲ. ಆ ಅಂಚಿನ ಹಸಿರನ್ನು ನೋಡಿ ಎಂಟು ವರ್ಷ ಅವಳು ‘ಬಣ್ಣ ಚೆನ್ನಾಗಿ ಹಿಡಿದಿದೆ’ ಎಂದು ಬರೆದುಕೊಂಡಿದ್ದಳು. ಹೊಸ ನ್ಯೂರಾನ್ ಜಿರಲೆಯಲ್ಲಿ ಹುಟ್ಟಿರಲಿಲ್ಲ. ಫಾರ್ಮಲಿನ್ ಸೀಸೆಯಲ್ಲಿ ಹುಟ್ಟಿತ್ತು.

ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ನಿದ್ದೆ. ನಲವತ್ತೊಂಬತ್ತು ವರ್ಷದ ಹೆಂಗಸಿಗೆ ಬೆಳಗಿನ ಹನ್ನೊಂದು ಗಂಟೆಗೆ, ಕುರ್ಚಿಯ ಮೇಲೆ ಕೂತ ಹಾಗೇ, ನಾಲ್ಕು ದಿನ ಮಲಗಿಬಿಡೋಣ ಅನ್ನಿಸಿತು.

"ಡಾಕ್ಟ್ರಮ್ಮ, ಆ ಕತ್ತಲೆ ಕೋಣೇಲಿ ಕೂತು ಅಣಬೆ ಬೆಳೀತಿದ್ದೀರಾ ಹೇಗೆ?" ಎಂದು ಬಾಗಿಲ ಬಳಿ ದನಿ ಕೇಳಿಸಿತು. "ಆಚೆ ಬನ್ನಿ. ಪೊಗಾಚಾ ಇನ್ನೂ ಬಿಸಿ ಇದೆ."

ಗಿಜಿ ನೇನಿ ರಜೆ ಮುಗಿಸಿ ಬಂದಿದ್ದರು, ಕೊನೆಯ ಮೂರು ದಿನಕ್ಕೆ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಅದರ ತುಂಬ ಪೊಗಾಚಾ ಎಂಬ ಪುಟ್ಟ ಉಪ್ಪು ಬನ್ನುಗಳು. ಅರವತ್ತಮೂರು ವರ್ಷ, ಗಿಡ್ಡ ದೇಹ, ಕೈಬೆರಳು ಮಾತ್ರ ಪಿಟೀಲು ನುಡಿಸುವವರಂತೆ ಉದ್ದ. ಮೂವತ್ತೆಂಟು ವರ್ಷ ಆ ಬೆರಳುಗಳು ಮಿಡತೆ, ಪತಂಗ, ಜಿರಲೆಗಳ ಹೊಟ್ಟೆ ಬಗೆದು ಸಾಸಿವೆಯಷ್ಟರ ಗಂಟನ್ನು ಒಂದು ಎಳೆ ಹರಿಯದಂತೆ ಎತ್ತಿ ತೆಗೆದಿದ್ದವು. ಎಣಿಸುವ ಕೆಲಸವೂ ಅವರದೇ. ಎಡಗೈಯಲ್ಲಿ ಕ್ಲಿಕ್ ಕ್ಲಿಕ್ ಎನ್ನುವ ಎಣಿಕೆ ಯಂತ್ರ ಹಿಡಿದು ಕೂತರೆ ಕಟ್ಟಡಕ್ಕೆ ಬೆಂಕಿ ಬಿದ್ದರೂ ಏಳುವವರಲ್ಲ.

"ಪೊಗಾಚಾ ಅಂದ್ರೆ ಓಡಿ ಬರ್ತಿದ್ರಿ, ಇವತ್ತೇನು ಮುಖ ಸೋರೆಕಾಯಿ ಮಾಡ್ಕೊಂಡಿದ್ದೀರಿ? ಶುಕ್ರವಾರ ನಾನು ಹೋಗ್ತೀನಿ ಅಂತಾನಾ? ಅಳ್ಬೇಡಿ, ನನ್ನ ಜಾಗಕ್ಕೆ ಯಂತ್ರ ತರಿಸ್ತಾರಂತೆ. ಅದು ಹರಟೆ ಹೊಡಿಯಲ್ಲ." ತಟ್ಟೆ ಇಟ್ಟು ತಮ್ಮ ಮಾತಿಗೆ ತಾವೇ ನಕ್ಕರು. "ನಿನ್ನೆ ಕೂದಲು ಕತ್ತರಿಸ್ಕೊಳ್ಳೋಕೆ ಹೋಗಿದ್ದೆ. ಆ ಹುಡುಗಿಗೆ ಹೇಳ್ದೆ, ಎರಡನೇ ಪೇಪರ್‌ನಲ್ಲಿ ಮೂರನೇ ಹೆಸರು ನಂದೇ ಕಣೇ ಅಂತ. ‘ಹೌದಾ, ಯಾವ ವಾರಪತ್ರಿಕೆ’ ಅಂತ ಕೇಳ್ತು ಪೆದ್ದು."

ಮೂರನೆಯ ಹೆಸರಿನ ವಿಷಯ ಶಾರೊಲ್ತಾಳಿಗೆ ಮರೆತೇ ಹೋಗಿತ್ತು. ಮೊದಲ ಪೇಪರಿನಲ್ಲಿ ಗಿಜಿ ನೇನಿಗೆ ಸಿಕ್ಕದ್ದು ಕೊನೆಯ ಪುಟದ ‘ತಾಂತ್ರಿಕ ಸಹಾಯಕ್ಕಾಗಿ ಕೃತಜ್ಞತೆಗಳು’ ಎಂಬ ಒಂದು ಸಾಲು, ಅದೂ ಹೆಸರಿಲ್ಲದೆ. ಎರಡನೆಯದರಲ್ಲಿ ಹೆಸರು ಹಾಕಲೇಬೇಕೆಂದು ವೆಂಡೆಲನ ಹತ್ತಿರ ಜಗಳಾಡಿದ್ದವಳು ಶಾರೊಲ್ತಾಳೇ.

"ಗಿಜಿ ನೇನಿ, ಒಂದು ಕೇಳ್ಲಾ? ಶುಕ್ರವಾರ ಕೊಯ್ದಿದ್ದನ್ನ ಫಾರ್ಮಲಿನ್‌ನಿಂದ ಯಾವಾಗ ತೆಗೀತಿದ್ರಿ?"

"ಸೋಮವಾರ."

ಸಮಯ ಎಷ್ಟೆಂದು ಕೇಳಿದರೆ ಹೇಳುವಷ್ಟು ಸಲೀಸಾಗಿ ಹೇಳಿದರು. ಜಿರಲೆಗಳಿಗೆ ಗಾಯ ಮಾಡುತ್ತಿದ್ದುದು ಶುಕ್ರವಾರ, ಹದಿನಾಲ್ಕು ದಿನ ಬಿಟ್ಟು ಕೊಯ್ಯುತ್ತಿದ್ದುದೂ ಶುಕ್ರವಾರವೇ. ಎಂಟು ವರ್ಷದ ಕೆಲಸದಲ್ಲಿ ಶುಕ್ರವಾರದ್ದಲ್ಲದ ಗಂಟು ಒಂದೂ ಇರಲಿಲ್ಲ.

"ಪುಸ್ತಕದಲ್ಲಿ ನಾಲ್ಕು ಗಂಟೆ ಅಂತಿದೆಯಲ್ಲ."

"ಪುಸ್ತಕಾನ ತಿಂಗಳ ಮೊದಲ್ನೇ ದಿನವೇ ಬರೆದಿಟ್ಟುಬಿಡ್ತೀನಲ್ಲ. ಮೇಲೆ ಒಂದು ಸಲ ನಾಲ್ಕು ಗಂಟೆ, ಕೆಳಗೆಲ್ಲಾ ಅದೇ ಅದೇ ಅಂತ ಗುರುತು. ನಾನು ಬಂದಾಗಿಂದ ಹಾಗೇ, ನನಗಿಂತ ಮುಂಚೆ ಇದ್ದೋರೂ ಹಾಗೇ ಮಾಡೋರು. ವೆಂಡೆಲ್ ಸಾಹೇಬ್ರ ಪತಂಗ ಎಲ್ಲಾ ಬುಧವಾರದ್ದು, ಅವು ನಾಲ್ಕೇ ಗಂಟೆ, ಗಡಿಯಾರ ನೋಡ್ಕೊಂಡು. ಶುಕ್ರವಾರ ಮಾತ್ರ ಆಗ್ತಿರ್ಲಿಲ್ಲ. ಕೊಯ್ದು ಮುಗಿಯೋದೇ ಎರಡೂವರೆ. ನಮ್ಮೂರಿಗೆ ಕೊನೇ ಬಸ್ಸು ನಾಲ್ಕು ಇಪ್ಪತ್ತಕ್ಕೆ. ನನ್ನ ಗಂಡ ಬಾಲಿಂಟ್‌ನ ನೋಡ್ಕೊಳ್ಳೋ ಹೆಂಗ್ಸು ಐದಕ್ಕೆ ಎದ್ದು ಹೊರಟೇಬಿಡೋಳು. ಆ ಮನುಷ್ಯನ್ನ ಒಬ್ಬನ್ನೇ ಬಿಟ್ಟಿದ್ರೆ ಒಲೆ ಹಚ್ಚಿ ಮನೆ ಸುಟ್ಟುಹಾಕಿರೋನು. ನನ್ನ ಹೆಸರೇ ಮರ್ತುಹೋಗಿತ್ತು ಅವ್ನಿಗೆ, ಬೆಂಕಿ ಹಚ್ಚೋದು ಮರ್ತಿರ್ಲಿಲ್ಲ."

"ಅವ್ರು ಹೋಗಿ ಮೂರು ವರ್ಷ ಆಯ್ತು."

"ಹೌದು." ಗಿಜಿ ನೇನಿ ಮೇಜಿನ ಮೇಲಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿದರು. "ಬಸ್ಸು ಇದ್ದೇ ಇತ್ತಲ್ಲ."

"ನನಗೊಂದು ಮಾತು ಹೇಳಬಾರ್ದಿತ್ತಾ ಗಿಜಿ ನೇನಿ?"

"ಹೇಳಿದ್ದೆನಲ್ಲ! ಮೊದಲ್ನೇ ವರ್ಷ. ನೀವು ಇದೇ ಕುರ್ಚಿಯಲ್ಲಿ ಇದೇ ಥರ ಕಣ್ಣಿಟ್ಕೊಂಡು ಕೂತಿದ್ರಿ. ಸೋಮವಾರದವರೆಗೆ ಬಿಟ್ರೆ ಆಗುತ್ತಾ ಅಂತ ಕೇಳ್ದೆ. ‘ಇರಲಿ ಬಿಡಿ ಗಿಜಿ ನೇನಿ, ಕೊಳೆತೇನೂ ಹೋಗಲ್ಲ, ಬಸ್ಸು ತಪ್ಪಿಸ್ಕೋಬೇಡಿ’ ಅಂದ್ರಿ. ಒಳ್ಳೇ ಮನಸ್ಸಿಂದಾನೇ ಅಂದ್ರಿ."

ಶಾರೊಲ್ತಾಳಿಗೆ ನೆನಪಿರಲಿಲ್ಲ. ಆದರೆ ಮಾತು ತನ್ನದೇ ಎಂಬುದರಲ್ಲಿ ಸಂಶಯವೂ ಇರಲಿಲ್ಲ. ಕಣ್ಣು ಗಾಜಿಗೆ ಅಂಟಿಕೊಂಡಿದ್ದಾಗ ಯಾರು ಏನು ಕೇಳಿದರೂ ಅವಳು ಇರಲಿ ಬಿಡಿ ಎನ್ನುತ್ತಿದ್ದಳು. ಅವಳ ಗಂಡನೂ ಒಮ್ಮೆ ಹಾಗೇ ಏನೋ ಕೇಳಿ, ಇರಲಿ ಬಿಡು ಎನ್ನಿಸಿಕೊಂಡು, ಸೂಟ್‌ಕೇಸ್ ತೆಗೆದುಕೊಂಡು ಹೋಗಿದ್ದ.

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಗಿಜಿ ನೇನಿ ಕೂತು ನೋಡಿದರು. ಅವರಿಗೆ ವಿವರಿಸಬೇಕಾದ್ದೇನೂ ಇರಲಿಲ್ಲ. ಆ ಕಟ್ಟಡದಲ್ಲಿ ಅವರಷ್ಟು ಜಿರಲೆಯ ಕೋಶಗಳನ್ನು ನೋಡಿದವರು ಇನ್ನೊಬ್ಬರಿಲ್ಲ. ನಾಲ್ಕು ಗಂಟೆಯದನ್ನು ನೋಡಿದರು, ಮೂರು ದಿನದ್ದನ್ನು ನೋಡಿದರು, ಮತ್ತೆ ನಾಲ್ಕು ಗಂಟೆಯದನ್ನು ನೋಡಿದರು.

"ಹಾಗಾದ್ರೆ ಎಂಟು ವರ್ಷದಲ್ಲಿ ನಾನು ಎಣಿಸಿದ ಮುನ್ನೂರ ಹನ್ನೆರಡು ಕೆಂಪೂ ಗ್ಲಿಯಾನಾ?"

"ಹೂಂ."

"ಎರಡನೇ ಪೇಪರ್?"

"ವಾಪಸ್ ತಗೋಬೇಕು. ಮೊದಲ್ನೇದೂ. ಅಚ್ಚಾಗಿರೋದು ತಪ್ಪು ಅಂತ ಅದೇ ಪತ್ರಿಕೇಲಿ ಅಚ್ಚು ಹಾಕಿಸ್ಬೇಕು." ಹೇಳಿ ಸುಮ್ಮನಿರಲಾರದೆ ಶಾರೊಲ್ತಾ ಸೇರಿಸಿದಳು: "ಗ್ಲಿಯಾ ಅಂದ್ರೂ ಸಣ್ಣದೇನಲ್ಲ ಗಿಜಿ ನೇನಿ. ಗಾಯಾನ ಹಿಡಿದು ನಿಲ್ಲಿಸೋದು ಅವೇ..."

"ಬೇಡ. ನನಗೆ ಸಮಾಧಾನ ಹೇಳ್ಬೇಡಿ. ನಿಮಗಿಂತ ಮುಂಚಿನಿಂದ ನೋಡಿದ್ದೀನಿ ಅವನ್ನ."

ಗಿಜಿ ನೇನಿ ಎದ್ದರು. ಪೊಗಾಚಾದ ತಟ್ಟೆಯನ್ನು ಎತ್ತಿಕೊಂಡರು, ಬಾಗಿಲವರೆಗೆ ಹೋದವರು ತಿರುಗಿ ಬಂದು ಮೇಜಿನ ಮೇಲೆ ಎರಡನ್ನು ಇಟ್ಟು ಹೋದರು. ಶಾರೊಲ್ತಾ ಅವನ್ನು ತಿನ್ನಲಿಲ್ಲ, ಬಿಸಾಡಲೂ ಮನಸ್ಸಾಗಲಿಲ್ಲ.

ಗುರುವಾರ ಅವಳು ವೆಂಡೆಲನ ಕೋಣೆಗೆ ಹೋದಳು. ವೆಂಡೆಲ್ ಕೆಟ್ಟವನಲ್ಲ. ಇಬ್ಬರೂ ಒಂದೇ ವರ್ಷ ಓದಿದವರು, ಒಂದೇ ಹಾಸ್ಟೆಲಿನ ಎಲೆಕೋಸಿನ ಸಾರು ತಿಂದವರು. ಹನ್ನೊಂದು ಜನರ ಸಂಬಳಕ್ಕಾಗಿ ವರ್ಷವಿಡೀ ಬುಡಾಪೆಸ್ಟ್‌ನ ಕಚೇರಿಗಳ ಮೆಟ್ಟಿಲು ಹತ್ತಿಳಿದು ಅವನ ಮುಖ ಒಣಗಿಹೋಗಿತ್ತು. ಅವಳು ಹೇಳಿದ್ದನ್ನೆಲ್ಲ ಅವನು ಕೊನೆಯವರೆಗೆ ಕೇಳಿದ.

"ನಿನಗೆ ಯಾರು ಹೇಳಿದ್ರು ಮಂಗಳವಾರ ಕೊಯ್ಯೋಕೆ?" ಎಂದ.

"ಯಾರೂ ಹೇಳಲಿಲ್ಲ."

"ಅದೇ ಮತ್ತೆ. ಯಾರೂ ಹೇಳದೆ ಇದ್ದಿದ್ದನ್ನ ಮಾಡಿದ್ದೀಯ. ಅದನ್ನ ಯಾರಿಗೂ ಹೇಳದೆ ಇರೋಕೂ ಆಗುತ್ತೆ. ಯಾರಿಗೆ ಗೊತ್ತಾಗುತ್ತೆ ಶಾರಿ?"

"ನನಗೆ ಗೊತ್ತಾಯ್ತಲ್ಲ."

"ನಿನ್ನ ಕಾಟ ಮೂವತ್ತು ವರ್ಷದಿಂದ ಇದೇ." ಅವನು ಕಣ್ಣುಜ್ಜಿಕೊಂಡ. "ಸರಿ, ವಾಪಸ್ ತಗೊಳ್ಳೋಣ. ನನ್ನ ಹೆಸರೂ ಇದೆ ಅದರಲ್ಲಿ, ನಾನೂ ಸಹಿ ಹಾಕ್ತೀನಿ. ಆದ್ರೆ ಹೇಗೆ ಬರೀಬೇಕು ಅಂತ ಕೇಳು. ‘ತಾಂತ್ರಿಕ ಸಹಾಯಕರು ನಿಗದಿತ ವಿಧಾನ ಪಾಲಿಸದಿದ್ದ ಕಾರಣ.’ ಅಷ್ಟೇ. ಹೆಸರು ಬೇಡ. ಇಂಥದ್ದು ಎಲ್ಲಾ ಕಡೆ ಆಗುತ್ತೆ, ಓದಿದೋರು ಪಾಪ ಅಂತಾರೆ, ನಮ್ಮನ್ನ ಮೆಚ್ಕೊಂಡ್ರೂ ಮೆಚ್ಕೊಂಡ್ರು. ವಿಜ್ಞಾನಿಯೇ ಎಂಟು ವರ್ಷ ಪರೀಕ್ಷೆ ಮಾಡ್ದೆ ಬಿಟ್ಲು ಅಂತ ಬರೆದ್ರೆ, ಮಾರ್ಚ್‌ನಲ್ಲಿ ನಿನ್ನ ಕೆಲಸ ಮುಂದುವರಿಸೋಕೆ ನನ್ನ ಕೈಲಿ ಆಗಲ್ಲ. ದೇವರಾಣೆ ಆಗಲ್ಲ."

"ಗಿಜಿ ನೇನಿ?"

"ನಾಳೆ ಮನೆಗೆ ಹೋಗ್ತಾರೆ. ಅವ್ರಿಗೆ ಇದರಿಂದ ಏನಾಗಬೇಕು? ಯಾರೂ ಅವ್ರ ಮನೆ ಬಾಗಿಲು ತಟ್ಟಿ ಕೇಳಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಅದೇ ತೊಂದರೆ. ಶಾರೊಲ್ತಾ ಸಂಜೆಯವರೆಗೆ ತನ್ನ ಮೇಜಿನಲ್ಲಿ ಕೂತು ಬರೆದಳು. ಸಹಾಯಕರ ಮಾತೇ ಎತ್ತಲಿಲ್ಲ. ‘ನರಗಂಟುಗಳು ನಿಗದಿತ ಅವಧಿಗಿಂತ ಹೆಚ್ಚು ಕಾಲ ಫಾರ್ಮಲಿನ್‌ನಲ್ಲಿ ಉಳಿದಿದ್ದವು. ಹಸಿರು ಬಣ್ಣ ಒಳಗೆ ಇಳಿಯದಿದ್ದುದನ್ನು ನಾನು ಗಮನಿಸಲಿಲ್ಲ. ಗ್ಲಿಯಾ ಕೋಶಗಳನ್ನೇ ನ್ಯೂರಾನ್ ಎಂದೆ. ತಪ್ಪು ಸಂಪೂರ್ಣವಾಗಿ ನನ್ನದು.’ ಬರೆದ ಮೇಲೆ ಅವಳಿಗೆ ಒಂದಿಷ್ಟು ಹಿತವೆನಿಸಿತು ಎಂಬುದನ್ನು ಮುಚ್ಚಿಡಬಾರದು. ಎಲ್ಲ ಕಳೆದುಕೊಂಡವರಿಗೆ ತ್ಯಾಗ ಮಾಡುವ ಅವಕಾಶವೊಂದು ಸಿಕ್ಕರೆ ಆಗುವ ಹಿತ. ಬಹಳ ದಿನದ ಮೇಲೆ ಆ ದಿನ ಅವಳು ಸೊಂಪಾಗಿ ನಿದ್ದೆ ಮಾಡಿದಳು.

ಶುಕ್ರವಾರ ಮಧ್ಯಾಹ್ನ ಮೊಗಸಾಲೆಯಲ್ಲಿ ಮೇಜುಗಳನ್ನು ಜೋಡಿಸಿ ಬಿಳಿ ಕಾಗದ ಹಾಸಿದ್ದರು. ಬೀಳ್ಕೊಡುಗೆ ಯಾರದೋ ಅವರೇ ತಿಂಡಿ ತರಬೇಕು, ಅದು ಅಲ್ಲಿಯ ಪದ್ಧತಿ. ಗಿಜಿ ನೇನಿ ಮೂರು ಬಗೆಯ ಕೇಕು, ಒಂದು ದೊಡ್ಡ ಪಾತ್ರೆ ಎಲೆಕೋಸಿನ ಕಡುಬು, ಮನೆಯಲ್ಲೇ ಭಟ್ಟಿ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ ಹೊತ್ತು ತಂದಿದ್ದರು. ನೀಲಿ ಅಂಗಿ ತೊಟ್ಟು ತುಟಿಗೆ ಬಣ್ಣ ಹಚ್ಚಿಕೊಂಡಿದ್ದರು. ಎಲ್ಲರ ಬಟ್ಟಲಿಗೂ ತಾವೇ ಸುರಿದು, "ಕುಡೀರಿ, ಫಾರ್ಮಲಿನ್‌ಗಿಂತ ಚೆನ್ನಾಗಿದೆ," ಎಂದು ನಗಿಸಿದರು. ಶಾರೊಲ್ತಾಳ ಬಟ್ಟಲಿಗೆ ಸುರಿಯುವಾಗ ಮಾತ್ರ ಅವಳ ಮುಖ ನೋಡಲಿಲ್ಲ.

ವೆಂಡೆಲ್ ಭಾಷಣ ಮಾಡಿದ. ಚೆನ್ನಾಗಿಯೇ ಮಾಡಿದ. "ಮೂವತ್ತೆಂಟು ವರ್ಷ! ಲೆಕ್ಕವಿಲ್ಲದಷ್ಟು ಕೋಶ! ಒಂದೇ ಒಂದು ದೂರಿಲ್ಲ, ಒಂದೇ ಒಂದು ತಪ್ಪಿಲ್ಲ!" ಎಂದು ಬಟ್ಟಲು ಎತ್ತಿದ. ಹೇಳಿದ ಕ್ಷಣವೇ ತಾನೇನು ಹೇಳಿದೆನೆಂದು ಅವನಿಗೂ ಹೊಳೆದು, ಬಟ್ಟಲು ಬಾಯಿಗೆ ಬೇಗ ತಂದುಕೊಂಡ. ಆಮೇಲೆ ಚೌಕಟ್ಟು ಹಾಕಿಸಿದ ಪ್ರಶಂಸಾಪತ್ರ ಕೊಟ್ಟ. ಅದರಲ್ಲಿ ದಪ್ಪಕ್ಷರದಲ್ಲಿ ‘ಶ್ರೀಮತಿ ಶಿಪೋಶ್ ಬಾಲಿಂಟ್‌ನೇ’ ಎಂದಿತ್ತು. ಅಂದರೆ ಶಿಪೋಶ್ ಬಾಲಿಂಟನ ಹೆಂಡತಿ. ಮದುವೆಯಾದ ಹೆಂಗಸರ ಹೆಸರು ಸರಕಾರಿ ಕಾಗದದಲ್ಲಿ ಹಾಗೇ ಇರುತ್ತಿತ್ತು, ಆ ವಯಸ್ಸಿನವರಲ್ಲಿ ಈಗಲೂ ಹಾಗೇ ಇದೆ. ಗಿಜಿ ನೇನಿ ಅದನ್ನು ಓದಿ, ಥ್ಯಾಂಕ್ಸ್ ಹೇಳಿ, ಕೇಕಿನ ತಟ್ಟೆಯ ಹಿಂದೆ ಒರಗಿಸಿಟ್ಟರು.

ಮೂರು ಗಂಟೆಯ ಹೊತ್ತಿಗೆ ಜನ ಚದುರಿದರು. ಗಿಜಿ ನೇನಿ ಶಾರೊಲ್ತಾಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ತೋರಿಸಿ. ಏನು ಬರೆದಿದ್ದೀರಿ ನೋಡೋಣ."

ಶಾರೊಲ್ತಾ ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿದಳು. ಬೈಗುಳವನ್ನಲ್ಲ, ಒಂದಿಷ್ಟು ಕೃತಜ್ಞತೆಯನ್ನೇ ಅವಳು ಒಳಗೊಳಗೆ ನಿರೀಕ್ಷಿಸಿದ್ದಳು, ಪಾಪ. ಗಿಜಿ ನೇನಿ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಇನ್ನೊಮ್ಮೆ ಓದಿದರು.

"ಇದರಲ್ಲಿ ನಾನೆಲ್ಲಿದ್ದೀನಿ?"

"ನಿಮ್ಮನ್ನ ಇದಕ್ಕೆಲ್ಲಾ ಎಳೆದು ತರೋದು ಬೇಡ ಅಂತ... ವೆಂಡೆಲ್ ಬೇರೆ ಥರ ಬರೀಬೇಕು ಅಂದ, ನಾನೇ ಒಪ್ಪಲಿಲ್ಲ."

"ಕೇಳಿಸ್ತು. ಈ ಕಟ್ಟಡದ ಗೋಡೆ ರಟ್ಟಿಂದು. ಅವ್ರು ‘ಸಹಾಯಕರು’ ಅಂತಾದ್ರೂ ಬರೀತಿದ್ರು. ನೀವು ಅದನ್ನೂ ಅಳಿಸಿಬಿಟ್ರಿ."

"ಗಿಜಿ ನೇನಿ, ನಿಮ್ಮ ಮೇಲೆ ತಪ್ಪು ಬರಬಾರ್ದು ಅಂತಲೇ..."

"ಯಾಕೆ ಬರಬಾರ್ದು?" ಅವರ ದನಿ ಏರಿತು. ಮೂವತ್ತೆಂಟು ವರ್ಷದಲ್ಲಿ ಆ ದನಿ ಅಲ್ಲಿ ಯಾರೂ ಕೇಳಿರಲಿಲ್ಲ. "ಕೊಯ್ದಿದ್ದು ನಾನು. ಎಣಿಸಿದ್ದು ನಾನು. ಸೋಮವಾರದವರೆಗೆ ಬಿಟ್ಟಿದ್ದು ನಾನು. ಸರಿ ಇದ್ದಾಗ ಅದು ನಿಮ್ದಾಗಿತ್ತು, ಇರಲಿ ಅಂತ ಸುಮ್ಮನಿದ್ದೆ. ಈಗ ತಪ್ಪು ಅಂತಾದ ಮೇಲೂ ನಿಮ್ದೇನಾ? ಈ ಸಂಸ್ಥೇಲಿ ನನ್ನ ಕೈಯಿಂದ ಏನೂ ಆಗೇ ಇಲ್ವಾ, ಮಗಳೇ? ತಪ್ಪು ಕೂಡ ಆಗಲಿಲ್ವಾ?"

ಶಾರೊಲ್ತಾಳಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಿನ್ನೆಯ ಹಿತವೆಲ್ಲ ಇಳಿದುಹೋಗಿ ಬರೀ ನಾಚಿಕೆ ಉಳಿಯಿತು. ಹೊದ್ದಿಸಿ ಕಾಪಾಡುತ್ತೇನೆಂದು ಹೊರಟವಳು ಆ ಹೆಂಗಸಿನ ಇಡೀ ಆಯಸ್ಸನ್ನು ಒರೆಸಿ ಹಾಕಿದ್ದಳು. ಅವಳು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

"ಹೇಳಿ. ಹೆಸರು ಹೇಗೆ ಹಾಕ್ಲಿ? ಆ ಪ್ರಶಂಸಾಪತ್ರದಲ್ಲಿ ಇರೋ ಹಾಗಾ?"

"ಬಾಲಿಂಟ್ ಏನು ಮಾಡಿದ್ದಾನೆ ಇದರಲ್ಲಿ, ಪಾಪ? ಕೆರೆಕೆಶ್ ಗಿಜೆಲ್ಲಾ ಅಂತ ಹಾಕಿ. ನಮ್ಮಪ್ಪ ಇಟ್ಟ ಹೆಸರು."

ಹದಿನಾಲ್ಕು ವರ್ಷ ಒಟ್ಟಿಗೆ ಕೆಲಸ ಮಾಡಿ ಶಾರೊಲ್ತಾ ಆ ಹೆಸರನ್ನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಎರಡನೆಯ ಪೇಪರಿಗೆ ಹೆಸರು ಕಳಿಸಿದ್ದು ಕಚೇರಿಯ ಗುಮಾಸ್ತೆ. ಅಲ್ಲಿ ಏನು ಬರೆದಿದ್ದರೆಂದು ತಾನು ನೋಡಿಯೂ ಇರಲಿಲ್ಲವೆಂದು ಅವಳಿಗೆ ಈಗ ಹೊಳೆಯಿತು. ಅವಳು ಹಳೆಯ ಸಾಲುಗಳನ್ನು ಅಳಿಸಿ ಬರೆದಳು. ‘ಶುಕ್ರವಾರದ ನರಗಂಟುಗಳನ್ನು ಕೊಯ್ದು ಸೋಮವಾರದವರೆಗೆ ಫಾರ್ಮಲಿನ್‌ನಲ್ಲಿ ಇಟ್ಟವರು ಕೆರೆಕೆಶ್ ಗಿಜೆಲ್ಲಾ. ಹಾಗೆ ಇಡಬಹುದೇ ಎಂದು ಅವರು ಕೇಳಿದ್ದರು. ಇಡಬಹುದು ಎಂದವಳು ನಾನು. ಕೋಶಗಳನ್ನು ಎಣಿಸಿದವರೂ ಅವರೇ. ಅವು ನ್ಯೂರಾನ್ ಎಂದವಳು ನಾನು.’

"ಎಣಿಕೆ ತಪ್ಪಿಲ್ಲ ಅಂತ ಹಾಕಿ," ಎಂದರು ಗಿಜಿ ನೇನಿ ಪಕ್ಕದಿಂದ. "ಮುನ್ನೂರ ಹನ್ನೆರಡು ಅಂದ್ರೆ ಮುನ್ನೂರ ಹನ್ನೆರಡೇ. ಬೇಕಾದ್ರೆ ಯಾವನಾದ್ರೂ ಬಂದು ಎಣಿಸ್ಲಿ."

ಅದನ್ನೂ ಹಾಕಿದಳು. ‘ಎಣಿಕೆಯಲ್ಲಿ ತಪ್ಪಿಲ್ಲ.’ ಮಾರ್ಚ್ ತಿಂಗಳು ನೆನಪಾಯಿತು, ವೆಂಡೆಲನ ಒಣಗಿದ ಮುಖ ನೆನಪಾಯಿತು. ಐವತ್ತು ವರ್ಷಕ್ಕೆ ಬೇರೆ ಕೆಲಸ ಹುಡುಕಬೇಕು, ಯಾರು ಕೊಡುತ್ತಾರೋ. ಹೆದರಿಕೆಯೇನೂ ಆಗಲಿಲ್ಲ, ಹೆದರುವುದಕ್ಕೂ ಮೈಯಲ್ಲಿ ಕಸುವು ಬೇಕು. ಗಿಜಿ ನೇನಿಯ ಉದ್ದನೆಯ ಬೆರಳು ತೆರೆಯ ಮೇಲಿನ ತಮ್ಮ ಹೆಸರಿನ ಕೆಳಗೆ ಮುಟ್ಟಿಯೂ ಮುಟ್ಟದಂತೆ ಸರಿದಾಡಿತು.

"ಕಳಿಸೋಕೆ ಎಲ್ಲಿ ಒತ್ತಬೇಕು?"

"ಇಲ್ಲಿ."

ಗಿಜಿ ನೇನಿ ತಾವೇ ಒತ್ತಿದರು. ಪತ್ರ ಹೋಯಿತು.

"ಇಂಥದ್ದನ್ನ ಯಾರಾದ್ರೂ ಓದ್ತಾರಾ ಡಾಕ್ಟ್ರಮ್ಮ?"

"ವಾಪಸ್ ತಗೊಂಡ ಪೇಪರ್ ಅಂದ್ರೆ ಎಲ್ಲರೂ ಓದ್ತಾರೆ ಗಿಜಿ ನೇನಿ. ಸರಿ ಇರೋದನ್ನೇ ಯಾರೂ ಓದಲ್ಲ."

"ಎಲ್ಲರೂ ಅಂದ್ರೆ? ವಿಯೆನ್ನಾದಲ್ಲೂ?"

"ವಿಯೆನ್ನಾದಲ್ಲೂ."

"ಸದ್ಯ," ಎಂದರು ಗಿಜಿ ನೇನಿ. ಅಂದವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತರು. ಗಂಡನನ್ನು ಮಣ್ಣು ಮಾಡಿದ ಮರುದಿನವೂ ಕೆಲಸಕ್ಕೆ ಬಂದು ಒಣಗಿದ ಕಣ್ಣಿನಲ್ಲೇ ಎಣಿಸುತ್ತ ಕೂತಿದ್ದ ಹೆಂಗಸು. ಶಾರೊಲ್ತಾ ತನ್ನ ಕುರ್ಚಿಯನ್ನು ಇನ್ನಷ್ಟು ಸರಿಸಿಕೊಂಡು ಅವರ ಪಕ್ಕದಲ್ಲೇ ಕೂತಳು.